ರಿಚರ್ಡ್ ಸ್ಟಾಲ್‌ಮನ್ನರ ಪ್ರಬಂಧಗಳು

ಒಂದು ಕಸುಬಿನಲ್ಲಿ ನುರಿತವನು ಆ ಕಸುಬಿನ ಮಾತನ್ನಾಡುವಾಗ ಜನರು ಕಿವಿಗೊಡುವರು. ಅವನೇ ರಾಜ್ಯಭಾರವನ್ನು ಕುರಿತು, ಉಣಿಸು ಉಡಿಗೆಗಳನ್ನು ಕುರಿತು, ನೆರೆಹೊರೆಯ ನಡವಳಿಕೆಯನ್ನು ಕುರಿತು ತೀರ್ಪು ಹೇಳತೊಡಗಿದನೆಂದರೆ ಕೇಳುವವರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುವರು. ಅಕ್ಕಸಾಲಿಗನಿಗೆ ಚಿನ್ನದ ಬಣ್ಣ ತಿಳಿದಂತೆ ಮನುಷ್ಯರ ಬಣ್ಣವೂ ತಿಳಿಯುವುದೆ ಎಂಬುದು ಅವರ ಸಂಶಯ. ಈಚಿನ ದಿನಗಳಲ್ಲಿ ಈ ಸಂಶಯಕ್ಕೆ ಎಲ್ಲರಿಗಿಂತ ಹೆಚ್ಚಾಗಿ ಪಾತ್ರರಾಗಿರುವವರು ಕಂಪ್ಯೂಟರಿನ ಪಂಡಿತರು. ಅವರು ಹೇಳದ ಅಭಿಪ್ರಾಯವಿಲ್ಲ, ಬಿಡಿಸದ ಸಮಸ್ಯೆಯಿಲ್ಲ. ಅದರಲ್ಲಿ ಬಹುಪಾಲು ಒಂದು ದಿನದ ಆಯುಸ್ಸಿನ ಬರವಣಿಗೆ. ಪುಸ್ತಕವಾಗಿ ನಿಂತು, ಎರಡನೆಯ ಸಲವೂ ಓದಿಸಿಕೊಳ್ಳುವಂಥದು ತೀರ ವಿರಳ. ಆ ವಿರಳವಾದವುಗಳಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ನರ ‘ಫ್ರೀ ಸಾಫ್ಟ್‌ವೇರ್, ಫ್ರೀ ಸೊಸೈಟಿ’ ಎಂಬ ಪ್ರಬಂಧಸಂಗ್ರಹವೂ ಒಂದು. ಇದು ಮೊದಲು ಅಚ್ಚಾದದ್ದು ೨೦೦೨ರಲ್ಲಿ. ೨೦೧೦ರಲ್ಲಿಯೂ ೨೦೧೫ರಲ್ಲಿಯೂ ಪರಿಷ್ಕೃತವಾಗಿ ಮತ್ತೆ ಬಂದಿತು. ಇಪ್ಪತ್ತಕ್ಕೂ ಮಿಕ್ಕ ಪ್ರಬಂಧಗಳು, ಒಂದೆರಡು ಭಾಷಣಗಳು, ಒಂದು ಕತೆ, ಸ್ವರಲಿಪಿಯೊಡನೆ ಒಂದು ಹಾಡು, ಇಷ್ಟು ಇದರ ಸಾಮಗ್ರಿ.

ಗ್ರಂಥಕರ್ತರು ೧೯೫೩ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಹಾರ್ವರ್ಡಿನಲ್ಲಿ ಭೌತಶಾಸ್ತ್ರವನ್ನು ಓದುತ್ತಿರುವಾಗಲೇ, ೧೯೭೧ರಲ್ಲಿ, ಎಂ. ಐ. ಟಿ. ಎಂಬ ಪ್ರಖ್ಯಾತ ವಿದ್ಯಾಸಂಸ್ಥೆಯ ಕೃತಕ ಬುದ್ಧಿಮತ್ತೆಯ ಪ್ರಯೋಗಶಾಲೆಯನ್ನು ಸೇರಿದರು. ಅಲ್ಲಿ ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ತಿದ್ದುವುದು, ತಿದ್ದಿದ್ದನ್ನು ಮೂರನೆಯವರು ಒಯ್ಯುವುದು ದಿನದಿನದ ವಾಡಿಕೆ. ಈ ಮಾತು ಅರ್ಥವಾಗಬೇಕಾದರೆ ಒಂದು ಸಂಗತಿಯನ್ನು ತಿಳಿದಿರಬೇಕು. ಪ್ರೋಗ್ರಾಮಿಗೆ ಎರಡು ರೂಪಗಳುಂಟು. ಮನುಷ್ಯನು ಬರೆಯುವ, ಓದಿ ತಿದ್ದಬಲ್ಲ ರೂಪವೊಂದು. ಅದನ್ನೇ ಯಂತ್ರಕ್ಕಾಗಿ ಅಂಕೆಗಳ ಸಾಲಾಗಿ ಅರೆದ ರೂಪವಿನ್ನೊಂದು. ಮೊದಲನೆಯದನ್ನು ಕಸುಬಿನವರು ‘ಸೋರ್ಸ್ ಕೋಡ್’ ಎನ್ನುವರು. ಸಾಹಿತ್ಯಪ್ರಿಯರು ಮೂಲಪಾಠವೆಂದು ಕರೆದರೂ ಸಲ್ಲುತ್ತದೆ. ಅರೆದ ರೂಪವನ್ನು ಕೊಟ್ಟು ಮೂಲಪಾಠವನ್ನು ಮುಚ್ಚಿಟ್ಟರೆ ಕೊಂಡವನು ಪ್ರೋಗ್ರಾಮನ್ನು ಓಡಿಸಬಹುದು. ಅದು ಒಳಗೆ ಏನು ಮಾಡುತ್ತಿದೆಯೆಂದು ನೋಡಲಾರ, ತಪ್ಪಿದ್ದರೆ ತಿದ್ದಲಾರ.

ಸ್ಟಾಲ್‌ಮನ್ನರ ಸಮಸ್ತ ಚಿಂತನೆಯೂ ಮೊಳೆತದ್ದು ಒಂದು ಮುದ್ರಣಯಂತ್ರದ ದೆಸೆಯಿಂದ. ೨೦೦೧ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಭಾಷಣದಲ್ಲಿ ಆ ಕತೆಯನ್ನು ಅವರು ವಿಸ್ತಾರವಾಗಿ ಹೇಳಿದ್ದಾರೆ, ಮತ್ತು ಇಡೀ ಗ್ರಂಥದಲ್ಲಿ ಅದಕ್ಕಿಂತ ಸೊಗಸಾದ ಭಾಗ ಬೇರೆ ಇಲ್ಲ. ಪ್ರಯೋಗಶಾಲೆಯ ಹಳೆಯ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡು ನಿಲ್ಲುವುದಿತ್ತು. ಯಂತ್ರ ಒಂದು ಕಡೆ, ಅಚ್ಚಿಗೆ ಕಳುಹಿಸಿದವರು ಇನ್ನೊಂದು ಕಡೆ. ನಿಂತದ್ದು ಯಾರಿಗೂ ತಿಳಿಯದು. ಸ್ಟಾಲ್‌ಮನ್ನರು ಅದರ ಮೂಲಪಾಠಕ್ಕೆ ನಾಲ್ಕು ಸಾಲು ಸೇರಿಸಿ, ಕಾಗದ ಸಿಕ್ಕಿಕೊಂಡೊಡನೆ ಕಾಯುತ್ತಿರುವವರಿಗೆಲ್ಲ ಸುದ್ದಿ ಹೋಗುವಂತೆ ಮಾಡಿದ್ದರು. ಯಂತ್ರದ ದೋಷ ಹೋಗಲಿಲ್ಲ. ಆದರೆ ಯಾರಾದರೊಬ್ಬರು ಎದ್ದು ಹೋಗಿ ಬಿಡಿಸುತ್ತಿದ್ದರು. ಆಮೇಲೆ ಜೆರಾಕ್ಸ್ ಕಂಪನಿಯಿಂದ ಹೊಸ ಯಂತ್ರವೊಂದು ಕೊಡುಗೆಯಾಗಿ ಬಂದಿತು. ವೇಗವಾದದ್ದು, ಅಂದವಾಗಿ ಅಚ್ಚು ಹಾಕುವಂಥದು. ಆದರೆ ಅದರಲ್ಲಿಯೂ ಕಾಗದ ಸಿಕ್ಕಿಕೊಳ್ಳುತ್ತಿತ್ತು, ಮೂಲಪಾಠ ಮಾತ್ರ ಜೊತೆಗೆ ಬಂದಿರಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಒಬ್ಬರ ಬಳಿ ಅದು ಇದೆಯೆಂದು ಕೇಳಿ, ಆ ಊರಿಗೆ ಹೋದಾಗ ಇವರು ಅವರ ಕೊಠಡಿಗೆ ಹೋಗಿ ಬೇಡಿದರು. ಆ ಗೃಹಸ್ಥರು, ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಿರುವುದಾಗಿ ಹೇಳಿ ನಿರಾಕರಿಸಿದರು. ಇವರು ಮರುಮಾತಿಲ್ಲದೆ ಹೊರಬಂದರು.

ಕತೆ ಇಷ್ಟೇ. ಆದರೆ ಅದನ್ನು ಹೇಳಿದ ರೀತಿಯನ್ನು ಗಮನಿಸಬೇಕು. ತನಗೆ ಅನ್ಯಾಯವಾಯಿತೆಂದು ಅಳುವುದಕ್ಕೆ ಇವರು ನಿಲ್ಲುವುದಿಲ್ಲ. ನಿರಾಕರಿಸಿದವನು ನಿರಾಕರಿಸಿದ್ದು ಒಬ್ಬನಿಗಲ್ಲ, ಮುಂದೆ ಬರಲಿರುವ ಸಮಸ್ತರಿಗೂ, ಕೊನೆಗೆ ಓದುಗನಿಗೂ ಎಂಬ ಮಾತಿಗೆ ಮೆಟ್ಟಿಲು ಮೆಟ್ಟಿಲಾಗಿ ಕರೆದೊಯ್ಯುವರು. ಸಿಕ್ಕಿಕೊಂಡ ಒಂದು ಹಾಳೆ ಕಾಗದದಿಂದ ಹೊರಟು ಸಹಕಾರಧರ್ಮದ ಪ್ರಶ್ನೆಯವರೆಗೆ ಬರುವ ಈ ನಡಿಗೆಯಲ್ಲಿ ಎಲ್ಲಿಯೂ ಕಾಲು ಜಾರುವುದಿಲ್ಲ. ಕೈಯಿಂದ ಮುಟ್ಟಿ, ಬಿಚ್ಚಿ, ಜೋಡಿಸಿ ತಿಳಿದ ವಸ್ತು ಎದುರಿಗಿದ್ದಾಗ ಸ್ಟಾಲ್‌ಮನ್ನರ ಗದ್ಯಕ್ಕೆ ಒಂದು ಪ್ರಸಾದಗುಣ ತಾನಾಗಿ ಬರುತ್ತದೆ. ಅದು ಎದುರಿಗಿಲ್ಲದಾಗ ಏನಾಗುತ್ತದೆಂಬುದು ಮುಂದಿನ ಮಾತು.

೧೯೮೩ರ ಸೆಪ್ಟೆಂಬರಿನಲ್ಲಿ ಅವರು ‘ಗ್ನು’ ಎಂಬ ಹೆಸರಿನಲ್ಲಿ, ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯನ್ನೇ ಮೊದಲಿಂದ ಬರೆದು, ಮೂಲಪಾಠದೊಡನೆ ಲೋಕಕ್ಕೆ ಕೊಡುವೆನೆಂದು ಸಾರಿದರು, ೧೯೮೪ರಲ್ಲಿ ಎಂ. ಐ. ಟಿ.ಯ ಕೆಲಸವನ್ನು ಬಿಟ್ಟರು. ಬರೆದದ್ದು ಸಂಸ್ಥೆಯ ಸ್ವತ್ತೆಂದು ಯಾರೂ ಹೇಳದಿರಲೆಂಬುದು ಬಿಟ್ಟುದರ ಕಾರಣ. ಜೀವನೋಪಾಯಕ್ಕೆ, ತಾವು ಬರೆದ ‘ಈಮ್ಯಾಕ್ಸ್’ ಎಂಬ ಪ್ರೋಗ್ರಾಮನ್ನು ಸುರುಳಿಯಲ್ಲಿ ತುಂಬಿ ೧೫೦ ಡಾಲರಿಗೆ ಒಂದರಂತೆ ಮಾರಿದರು. ಬೇಡುವ ಶಬ್ದವೊಂದೇ ಆದರೂ ಬಿಟ್ಟಿಯಾಗಿ ಕೊಡುವುದು ಬೇರೆ, ಬಂಧನವಿಲ್ಲದಂತೆ ಕೊಡುವುದು ಬೇರೆ ಎಂಬ ಅವರ ಮುಖ್ಯ ವಿವೇಚನೆಗೆ ಈ ಮಾರಾಟವೇ ದೃಷ್ಟಾಂತ. ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಶಬ್ದ ಎರಡಕ್ಕೂ ದುಡಿಯುತ್ತಿರುವುದರಿಂದ, ಪಾಪ, ಆ ಗ್ರಂಥದ ಅರ್ಧದಷ್ಟು ಶ್ರಮ ಈ ಗೊಂದಲವನ್ನು ಬಿಡಿಸುವುದರಲ್ಲಿಯೇ ಕಳೆದಿದೆ. ಕನ್ನಡದಲ್ಲಿ ಬರೆದಿದ್ದರೆ ಅಷ್ಟು ಪುಟಗಳು ಉಳಿಯುತ್ತಿದ್ದುವು. ಪುಕ್ಕಟೆಯೆಂಬುದನ್ನು ಸ್ವತಂತ್ರವೆಂದು ಇಲ್ಲಿ ಹಳ್ಳಿಯ ಹುಡುಗನೂ ಭ್ರಮಿಸನು. ಸ್ಟಾಲ್‌ಮನ್ನರು ಭಾರತಕ್ಕೆ ಬಂದಾಗ ಈ ‘ಸ್ವತಂತ್ರ’ ಶಬ್ದವನ್ನು ಹಿಡಿದುಕೊಂಡುದು ಸಹಜವೇ. ಅವರ ಪ್ರತಿಷ್ಠಾನದ ಭಾರತೀಯ ಶಾಖೆ ೨೦೦೧ರಲ್ಲಿ ತಿರುವನಂತಪುರದಲ್ಲಿ ಆರಂಭವಾಯಿತು.

ಸ್ವಾತಂತ್ರ್ಯವೆಂದರೆ ಅವರ ಲೆಕ್ಕದಲ್ಲಿ ನಾಲ್ಕು: ಪ್ರೋಗ್ರಾಮನ್ನು ಬೇಕಾದ ಕೆಲಸಕ್ಕೆ ಓಡಿಸುವುದು, ಮೂಲಪಾಠವನ್ನು ಓದಿ ತಿದ್ದುವುದು, ಇದ್ದಂತೆಯೇ ಪ್ರತಿಮಾಡಿ ನೆರೆಯವರಿಗೆ ಕೊಡುವುದು, ತಿದ್ದಿದ ಪ್ರತಿಯನ್ನೂ ಕೊಡುವುದು. ಎಣಿಕೆ ಸೊನ್ನೆಯಿಂದ ಮೊದಲಾಗುವುದು ಕಸುಬಿನವರ ಚೇಷ್ಟೆ. ಇವು ಕೈಬದಲಾಗುವಾಗ ನಡುವೆ ಯಾರೂ ಬೀಗ ಹಾಕದಿರಲೆಂದು ಅವರು ಹೂಡಿದ ಉಪಾಯ ಮಾತ್ರ ನಿಜವಾಗಿ ಪ್ರತಿಭೆಯದು. ಗ್ರಂಥಸ್ವಾಮ್ಯದ ಕಾನೂನನ್ನೇ ತಿರುಗಿಸಿ ಹಿಡಿದು, ಪಡೆದವನು ಇತರರಿಗೆ ಕೊಡುವಾಗ ಅದೇ ಸ್ವಾತಂತ್ರ್ಯಗಳೊಡನೆ ಕೊಡತಕ್ಕದ್ದೆಂಬ ಕಟ್ಟಳೆಯನ್ನು ೧೯೮೯ರ ಪರವಾನಗಿ ಪತ್ರದಲ್ಲಿ ಬರೆದರು. ಬೀಗದ ಕೈಯಿಂದಲೇ ಬಾಗಿಲು ಮುಚ್ಚದಂತೆ ಮಾಡಿದ ಹಾಗಾಯಿತು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಮೊದಲು ಹೊರತಂದ ‘ಲಿನಕ್ಸ್’ ಮರುವರ್ಷ ಈ ಪರವಾನಗಿಯ ಅಡಿಗೆ ಬಂದು, ಗ್ನು ಮಂದಿರಕ್ಕೆ ಕೊರತೆಯಾಗಿದ್ದ ನಡುಗಂಬವನ್ನು ಒದಗಿಸಿತು. ಇಂದು ಅಂಗೈಯ ಫೋನಿನಿಂದ ಹಿಡಿದು ಮಹಾಗಣಕಗಳವರೆಗೆ ಆ ಕಂಬ ನಿಂತಿದೆ. ಒಟ್ಟು ವ್ಯವಸ್ಥೆಯನ್ನು ‘ಗ್ನು ಲಿನಕ್ಸ್’ ಎನ್ನಬೇಕೆಂದು ಸ್ಟಾಲ್‌ಮನ್ನರು ಹಿಡಿದ ಹಟಕ್ಕೆ ನ್ಯಾಯವಿದ್ದರೂ, ಅದನ್ನು ಹೇಳಿದಷ್ಟು ಸಲ ಹೇಳಬೇಕಾಗಿರಲಿಲ್ಲ.

ವಾದಸರಣಿಯನ್ನು ನೋಡಬೇಕಾದರೆ ೧೯೮೫ರ ಗ್ನು ಘೋಷಣಾಪತ್ರವನ್ನು ತೆಗೆಯಬೇಕು. ಅದರ ಉತ್ತರಾರ್ಧ ನಮ್ಮ ಶಾಸ್ತ್ರಗ್ರಂಥಗಳ ಧಾಟಿಯಲ್ಲಿದೆ: ಆಕ್ಷೇಪವೊಂದು, ಸಮಾಧಾನವೊಂದು. ಪ್ರೋಗ್ರಾಮು ಬರೆಯುವವನು ಉಪವಾಸ ಸಾಯಬೇಕೆ? ಹಣವಿಲ್ಲದೆ ಯಾರು ಬರೆಯುವರು? ಒಂದೊಂದಕ್ಕೂ ಉತ್ತರ ಸಿದ್ಧವಾಗಿದೆ. ಒಂದೆಡೆ ಬರುವ ಉಪಮೆ ಮನೋಹರವಾದದ್ದು. ಗಾಳಿಯನ್ನೂ ಯಂತ್ರದಿಂದಲೇ ತಯಾರಿಸಬೇಕಾದ ಆಕಾಶನಿಲಯವೊಂದನ್ನು ಕಲ್ಪಿಸಿಕೊಂಡು, ಅಲ್ಲಿ ಉಸಿರಿಗೆ ಇಷ್ಟೆಂದು ಅಳೆಯಲು ಎಲ್ಲರ ಮೂಗಿಗೂ ಮಾಪಕ ಕಟ್ಟುವುದು ನ್ಯಾಯವಾಗಿ ತೋರಬಹುದಾದರೂ ಬದುಕು ದುಸ್ಸಹವಾಗುವುದೆಂದೂ, ತಲೆಗಿಷ್ಟೆಂದು ತೆರಿಗೆಯೆತ್ತಿ ಮಾಪಕಗಳನ್ನು ಕಿತ್ತೆಸೆಯುವುದೇ ಮೇಲೆಂದೂ ವಾದಿಸುವರು. ಆದರೆ ಶಾಸ್ತ್ರಕಾರರ ಪದ್ಧತಿಯನ್ನು ಬಲ್ಲವರಿಗೆ ಇಲ್ಲಿ ಒಂದು ಕೊರತೆ ಕಾಣದಿರದು. ಒಳ್ಳೆಯ ಭಾಷ್ಯಕಾರನು ಪೂರ್ವಪಕ್ಷವನ್ನು ಅದರ ಪ್ರತಿಪಾದಕನಿಗಿಂತಲೂ ಬಲವಾಗಿ ಮಂಡಿಸಿ, ಆಮೇಲೆ ಖಂಡಿಸುವನು. ಸ್ಟಾಲ್‌ಮನ್ನರ ಪೂರ್ವಪಕ್ಷಿಗೆ ಸಿಕ್ಕುವುದು ಒಂದು ಸಾಲು. ಅವನು ಬಾಯಿ ಮುಚ್ಚುವ ಮೊದಲೇ ಸಿದ್ಧಾಂತ ಬಂದು ಕೂರುತ್ತದೆ. ಹತ್ತು ಮಂದಿಯನ್ನು ದುಡಿಸಿ ಎರಡು ವರ್ಷ ಕಷ್ಟಪಟ್ಟು ಒಂದು ಸಣ್ಣ ಪ್ರೋಗ್ರಾಮನ್ನು ಮಾಡಿದ ಬಡ ಉದ್ಯಮಿ ಏನು ಹೇಳಬಹುದೆಂದು ಈ ಗ್ರಂಥದಿಂದ ಊಹಿಸಲಾಗದು. ಎದುರಾಳಿಯೆಂದರೆ ಯಾವಾಗಲೂ ದೊಡ್ಡ ಕಂಪನಿಯೇ.

ಅಡಿಗೆಯ ಉಪಮೆ ಅವರಿಗೆ ಇನ್ನೂ ಪ್ರಿಯವಾದದ್ದು, ಮತ್ತು ಸಂಸಾರಸ್ಥರಿಗೆ ಬೇಗ ಹಿಡಿಸುವಂಥದು. ಪ್ರೋಗ್ರಾಮೆಂದರೆ ಪಾಕವಿಧಿಯಿದ್ದಂತೆ, ಉಪ್ಪು ಕಡಿಮೆ ಮಾಡಬೇಡ, ಗೆಳತಿಗೆ ಬರೆದುಕೊಡಬೇಡ ಎಂದು ಯಾರಾದರೂ ಅಪ್ಪಣೆ ಮಾಡಿದರೆ ಯಾವ ಗೃಹಿಣಿ ಸಹಿಸುವಳು? ಅತ್ತೆಯ ಹುಳಿಪುಡಿಯ ಅಳತೆ ಸೊಸೆಗೆ, ಸೊಸೆಯಿಂದ ಪಕ್ಕದ ಮನೆಗೆ ಹೋಗುತ್ತ, ಹೋದಲ್ಲೆಲ್ಲ ಒಂದು ಹಿಡಿ ಕೊತ್ತಂಬರಿ ಹೆಚ್ಚುಕಡಿಮೆಯಾಗುವುದು ಎಲ್ಲರೂ ಕಂಡದ್ದೇ. ಉಪಮೆ ಇಲ್ಲಿಯವರೆಗೆ ನಿರ್ದುಷ್ಟ. ಆದರೆ ಹುಳಿಪುಡಿಯ ಅಳತೆಯನ್ನು ಓದಿ ತಿಳಿಯುವ ಶಕ್ತಿ ಅಡಿಗೆಮನೆಗೆ ಹೊಕ್ಕವರಿಗೆಲ್ಲ ಉಂಟು. ಮೂಲಪಾಠವನ್ನು ಓದುವ ಶಕ್ತಿ ಸಾವಿರಕ್ಕೆ ಒಬ್ಬರಿಗೂ ಇಲ್ಲ. ಉಳಿದವರ ಪಾಲಿಗೆ ಆ ಸ್ವಾತಂತ್ರ್ಯ ಪ್ರತಿನಿಧಿಯ ಮೂಲಕ ಅನುಭವಿಸತಕ್ಕದ್ದು. ಬಲ್ಲವರನ್ನು ಕೂಲಿಗೆ ಹಿಡಿಯಬಹುದು, ಹತ್ತು ಜನ ಸೇರಿ ಮಾಡಿಸಿಕೊಳ್ಳಬಹುದು ಎಂದು ಸ್ಟಾಲ್‌ಮನ್ನರು ಹೇಳದೆ ಬಿಟ್ಟಿಲ್ಲ. ಆದರೂ ಅವರ ಕಣ್ಣಮುಂದೆ ನಿಂತಿರುವ ಓದುಗನು ಅವರಂತೆಯೇ ಯಂತ್ರವನ್ನು ಬಿಚ್ಚಬಲ್ಲವನು. ಬಿಚ್ಚಲಾರದವನು ಈ ಪುಟಗಳಲ್ಲಿ ನೆರಳಿನಂತೆ ಸುಳಿದು ಹೋಗುವನು.

ರಾಜಕೀಯವನ್ನು ಕುರಿತ ಪ್ರಬಂಧಗಳಲ್ಲಿ ಅತ್ಯುತ್ತಮವಾದದ್ದು ಪ್ರಬಂಧವೇ ಅಲ್ಲ, ಒಂದು ಕತೆ: ೧೯೯೭ರ ‘ದಿ ರೈಟ್ ಟು ರೀಡ್’. ಮುಂದಿನ ಕಾಲದ ಒಂದು ಕಾಲೇಜು. ಪುಸ್ತಕಗಳೆಲ್ಲ ಯಂತ್ರದೊಳಗಿವೆ, ಓದುವವನು ಯಾರೆಂದು ಯಂತ್ರ ಗುರುತಿಟ್ಟುಕೊಳ್ಳುತ್ತದೆ. ಲಿಸ್ಸಾ ಎಂಬ ಹುಡುಗಿ ತನ್ನ ಕಂಪ್ಯೂಟರು ಕೆಟ್ಟು, ಡ್ಯಾನ್ ಎಂಬ ಸಹಪಾಠಿಯನ್ನು ಕೇಳುವಳು. ಕೊಟ್ಟರೆ ಅವನ ಪುಸ್ತಕಗಳನ್ನು ಅವಳು ಓದಿಬಿಡಬಹುದು. ಅದು ಸೆರೆಮನೆಗೆ ಹೋಗುವ ಅಪರಾಧ. ಅವನು ಅವಳನ್ನು ಮೆಚ್ಚಿಕೊಂಡಿದ್ದಾನೆ. ಕಂಪ್ಯೂಟರನ್ನು ಕೊಟ್ಟು ತನ್ನ ಗುಪ್ತಪದವನ್ನೂ ಹೇಳಿಬಿಡುವನು, ಓದಿದವನು ತಾನೇ ಎಂದು ಯಂತ್ರ ನಂಬಲಿ ಎಂದು. ಪಾತ್ರಗಳಿಗೆ ರಕ್ತಮಾಂಸ ಸಾಲದು, ಸಂವಾದ ಒಣಗಿದೆ. ಆದರೆ ಪುಸ್ತಕವನ್ನು ಎರವಲು ಕೊಡುವುದು ಪ್ರೇಮದ ಪರೀಕ್ಷೆಯಾಗುವ ಈ ಸನ್ನಿವೇಶವನ್ನು ಒಮ್ಮೆ ಓದಿದವರು ಮರೆಯುವಂತಿಲ್ಲ. ಅತಿಶಯೋಕ್ತಿಯೆಂದು ನಕ್ಕವರಿದ್ದರು. ೨೦೦೯ರ ಜುಲೈಯಲ್ಲಿ ಅಮೆಜಾನ್ ಕಂಪನಿ ತಾನು ಮಾರಿದ್ದ ಕಿಂಡಲ್ ಯಂತ್ರಗಳೊಳಗಿನಿಂದ, ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣದಿಂದ, ಎರಡು ಪುಸ್ತಕಗಳನ್ನು ಓದುಗರಿಗೆ ಹೇಳದೆಯೇ ದೂರದಿಂದ ಅಳಿಸಿಹಾಕಿತು. ಹಣವನ್ನು ಹಿಂದಿರುಗಿಸಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ಆ ಎರಡು ಪುಸ್ತಕಗಳು ಜಾರ್ಜ್ ಆರ್ವೆಲ್ಲನವು, ಅದರಲ್ಲಿ ಒಂದು ‘೧೯೮೪’ ಎಂಬುದನ್ನು ಕತೆಗಾರನೊಬ್ಬನು ಕಲ್ಪಿಸಿದ್ದರೆ ವಿಮರ್ಶಕರು ಅಸಂಭವದೋಷವೆನ್ನುತ್ತಿದ್ದರು.

೨೦೦೨ರಲ್ಲಿ ಬರೆದ ಬೇರೊಂದು ಸಣ್ಣ ಲೇಖನದಲ್ಲಿ ಅವರು, ಒಂದೇ ಕಂಪನಿಯ ಪ್ರೋಗ್ರಾಮಿನಲ್ಲಿ ಮಾತ್ರ ಸರಿಯಾಗಿ ತೆರೆಯುವ ಕಡತಗಳನ್ನು ಕಾಗದದ ಜೊತೆ ಕಳುಹಿಸಬೇಡಿರೆಂದು ಲೋಕವನ್ನು ಬೇಡಿಕೊಂಡಿದ್ದಾರೆ. ಕನ್ನಡದ ಓದುಗರಿಗೆ ಇದು ಪರದೇಶದ ಜಗಳವಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬಂದ ಮೊದಲ ವರ್ಷಗಳಲ್ಲಿ ಒಂದೊಂದು ತಂತ್ರಾಂಶದ್ದೂ ಒಂದೊಂದು ಅಕ್ಷರಸಂಕೇತ. ಒಂದರಲ್ಲಿ ಬೆರಳಚ್ಚು ಮಾಡಿದ ಕಾದಂಬರಿ ಇನ್ನೊಂದರಲ್ಲಿ ತೆರೆದರೆ ಬಾಣ, ಚುಕ್ಕೆ, ರೋಮನ್ ಅಕ್ಷರಗಳ ಕಲಸುಮೇಲೋಗರ. ಲೇಖಕರು ಕೈಯಾರೆ ಬರೆದದ್ದನ್ನು ತಾವೇ ಓದಲಾರದೆ ಕೂತದ್ದುಂಟು. ಸ್ಟಾಲ್‌ಮನ್ನರು ಹೇಳುವ ಬೀಗ ಹೇಗಿರುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಆದರೆ ಆ ಬೀಗ ತೆರೆದದ್ದು ಹೇಗೆ? ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತದಿಂದ. ಅದರ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದಿತು. ಬಳಕೆಗೆ ಬರಲು ಬಹಳ ವರ್ಷಗಳು ಹಿಡಿದುವು. ಬಂದಾಗ ಅದನ್ನು ಸ್ವತಂತ್ರ ತಂತ್ರಾಂಶದವರೂ ಅಳವಡಿಸಿಕೊಂಡರು, ಮೂಲಪಾಠವನ್ನು ಮುಚ್ಚಿಟ್ಟ ಕಂಪನಿಗಳೂ ಅಳವಡಿಸಿಕೊಂಡುವು. ‘ಲೋಹಿತ್’ನಂಥ ಸ್ವತಂತ್ರ ಅಕ್ಷರಶೈಲಿಗಳಿಂದ ಕನ್ನಡಕ್ಕೆ ಆದ ಉಪಕಾರ ಸಣ್ಣದಲ್ಲ, ಆದರೂ ರೋಗ ಗುಣವಾದದ್ದು ಎಲ್ಲರೂ ಒಪ್ಪಿದ ಒಂದು ಕಟ್ಟಳೆಯಿಂದಲೇ ಹೊರತು, ಎಲ್ಲರೂ ಮೂಲಪಾಠವನ್ನು ಬಿಚ್ಚಿಟ್ಟುದರಿಂದಲ್ಲ. ಸ್ಟಾಲ್‌ಮನ್ನರ ನಿದಾನ ಸರಿ. ಔಷಧ ಒಂದೇ ಎಂಬುದು ಒಪ್ಪತಕ್ಕದ್ದಲ್ಲ.

ದಿನಚರಿಯ ವಿಚಾರಕ್ಕೆ ಬಂದರೆ, ಗ್ರಂಥದ ಹೊರಗೆ ಭಾಷಣ ಸಂದರ್ಶನಗಳಲ್ಲಿ ಅವರು ತಮ್ಮ ನಿಯಮಗಳನ್ನು ಸಾರಿ ಹೇಳಿದ್ದಾರೆ. ಮೊಬೈಲ್ ಫೋನು ಇದ್ದ ಜಾಗವನ್ನು ಸದಾ ತಿಳಿಸುತ್ತಿರುವುದರಿಂದ ಅದನ್ನು ಇಟ್ಟುಕೊಳ್ಳುವುದಿಲ್ಲ. ಕೊಂಡದ್ದರ ಗುರುತು ಉಳಿಯದಂತೆ ನಗದು ಹಣವನ್ನೇ ಕೊಡುವುದು. ವಿದ್ಯಾರ್ಥಿಯಂತೆ ಮಿತವಾಗಿ ಬದುಕುವುದು, ಹಣಕ್ಕೆ ಯಾರ ಮುಂದೆಯೂ ಬಾಗಬೇಕಾಗದಿರಲೆಂದು. ಇವೆಲ್ಲ ವ್ರತಗಳು, ವ್ರತವನ್ನು ಗೌರವಿಸುವುದು ಈ ನಾಡಿಗೆ ಹೊಸದಲ್ಲ. ಆದರೆ ಕರೆ ಮಾಡಬೇಕಾದಾಗ ಹತ್ತಿರದವರ ಫೋನನ್ನು ಕೇಳಿ ಪಡೆಯುವೆನೆಂದು ಅವರೇ ಹೇಳುವರು. ಅಂದರೆ ಒಬ್ಬರು ವ್ರತಸ್ಥರಾಗಿರಬೇಕಾದರೆ ಸುತ್ತಲಿನವರು ವ್ರತಭ್ರಷ್ಟರಾಗಿರಬೇಕು. ಮಡಿಯಲ್ಲಿದ್ದವರಿಗೆ ಮೈಲಿಗೆಯವರು ನೀರು ಕಾಯಿಸಿಕೊಟ್ಟಂತೆ. ಗ್ನುವನ್ನು ಕಟ್ಟುವ ಮೊದಲ ವರ್ಷಗಳಲ್ಲಿ ಅವರು ತಮಗೆ ಸಲ್ಲದ ಯೂನಿಕ್ಸ್ ವ್ಯವಸ್ಥೆಯನ್ನೇ ಬಳಸಿದರು. ಆತ್ಮರಕ್ಷಣೆಗಾಗಿ ಮಾಡಿದ ಹಿಂಸೆಯಂತೆ ಅದು ಕ್ಷಮ್ಯವೆಂದು ಪ್ರಾಮಾಣಿಕವಾಗಿ ಬರೆದಿದ್ದಾರೆ. ಆಸ್ಪತ್ರೆಯಲ್ಲಿರುವ ತಾಯಿಯ ಸುದ್ದಿಗಾಗಿ ಫೋನನ್ನು ತಲೆದಿಂಬಿನ ಬಳಿ ಇಟ್ಟುಕೊಂಡು ಮಲಗುವವಳಿಗೆ ಅಂಥದೊಂದು ಅಪವಾದವುಂಟೆ? ಒಂದು ಲೇಖನದಲ್ಲಿ, ಎಲ್ಲವನ್ನೂ ಬಿಡಲಾಗದವನು ಒಂದನ್ನು ಬಿಟ್ಟರೂ ಲೋಕಕ್ಕೆ ಒಳ್ಳೆಯದೆಂದು ಅವರು ಮೆತ್ತಗಾದುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಆ ಮೃದುತ್ವ ಮೊದಲಿನ ಪ್ರಬಂಧಗಳಿಗೂ ಹಬ್ಬಿದ್ದರೆ ಗ್ರಂಥದ ಗಾತ್ರ ಕುಗ್ಗಿ ತೂಕ ಹೆಚ್ಚುತ್ತಿತ್ತು.

ಅವರ ಬಲವೂ ದೌರ್ಬಲ್ಯವೂ ಒಂದೇ ಬೇರಿನವು: ಶಬ್ದದ ಮೇಲಿನ ನಿಷ್ಠೆ. ಬಳಸಬಾರದ ಮಾತುಗಳೆಂದು ಅವರು ಮಾಡಿರುವ ಪಟ್ಟಿಯನ್ನು ಭಾಷೆಯಲ್ಲಿ ಆಸಕ್ತಿಯುಳ್ಳವರೆಲ್ಲ ಓದಬೇಕು. ಪುಸ್ತಕವನ್ನು ಪ್ರತಿಮಾಡಿದವನನ್ನು ‘ಕಡಲ್ಗಳ್ಳ’ನೆಂದು ಕರೆದೊಡನೆ ವಾದ ಮುಗಿದೇ ಹೋಯಿತಲ್ಲವೆ, ತೀರ್ಪು ಹೆಸರಿನೊಳಗೇ ಅಡಗಿತಲ್ಲವೆ ಎಂದು ಅವರು ಕೇಳುವುದು ಸೂಕ್ಷ್ಮಜ್ಞರ ಪ್ರಶ್ನೆ. ಅದೇ ನಿಷ್ಠೆ ಸ್ಥಳವನ್ನೂ ಸಮಯವನ್ನೂ ಅರಿಯದಿದ್ದರೆ? ೨೦೧೯ರ ಸೆಪ್ಟೆಂಬರಿನಲ್ಲಿ, ಎಳೆಯ ಹೆಣ್ಣುಮಕ್ಕಳ ಶೋಷಣೆಯ ಒಂದು ಘೋರ ಪ್ರಕರಣದಲ್ಲಿ ಹೆಸರು ಕೇಳಿಬಂದಿದ್ದ ದಿವಂಗತ ಸಹೋದ್ಯೋಗಿಯೊಬ್ಬರನ್ನು ಕುರಿತು ಚರ್ಚೆ ನಡೆಯುತ್ತಿರುವಾಗ, ಆರೋಪದ ಶಬ್ದ ಸರಿಯೆ ತಪ್ಪೆ ಎಂದು ಇವರು ಅರ್ಥವಿಚಾರಕ್ಕೆ ಕುಳಿತರು. ಎಲ್ಲೆಡೆಯೂ ಆಕ್ಷೇಪವೆದ್ದು, ಎಂ. ಐ. ಟಿ.ಯ ಸ್ಥಾನವನ್ನೂ ತಾವೇ ೧೯೮೫ರಲ್ಲಿ ಕಟ್ಟಿದ ಪ್ರತಿಷ್ಠಾನದ ಅಧ್ಯಕ್ಷತೆಯನ್ನೂ ಬಿಡಬೇಕಾಯಿತು. ೨೦೨೧ರಲ್ಲಿ ಪ್ರತಿಷ್ಠಾನದ ಆಡಳಿತಮಂಡಲಿಗೆ ಮರಳಿದಾಗಲೂ ಪ್ರತಿಭಟನೆ ನಡೆಯಿತು. ಔಚಿತ್ಯವೆಂಬುದನ್ನು ಕಾವ್ಯದ ಜೀವವೆಂದ ಕ್ಷೇಮೇಂದ್ರನು ಗದ್ಯಕ್ಕೂ ಮಾತುಕತೆಗೂ ಅದು ಬೇಡವೆಂದೇನೂ ಹೇಳಲಿಲ್ಲ.

ಸಾಹಿತ್ಯಾಸಕ್ತರು ಕೊನೆಗೆ ತಡೆದು ನಿಲ್ಲಬೇಕಾದದ್ದು ಗ್ರಂಥಸ್ವಾಮ್ಯದ ಭಾಷಣದ ಬಳಿ. ಅಲ್ಲಿ ಬರಹಗಳನ್ನು ಮೂರಾಗಿ ವಿಂಗಡಿಸುವರು. ಕೆಲಸಕ್ಕೆ ಬರುವಂಥವು, ಅಂದರೆ ಪ್ರೋಗ್ರಾಮು, ಪಾಕಶಾಸ್ತ್ರ, ನಿಘಂಟು; ಇವನ್ನು ಯಾರು ಬೇಕಾದರೂ ತಿದ್ದಬಹುದು. ಒಬ್ಬನ ಅಭಿಪ್ರಾಯವನ್ನೋ ಅನುಭವವನ್ನೋ ಹೇಳುವಂಥವು. ಇವನ್ನು ತಿದ್ದಿದರೆ ಅವನ ಬಾಯಲ್ಲಿ ಅವನಾಡದ ಮಾತನ್ನಿಟ್ಟಂತೆ, ಆದುದರಿಂದ ಇದ್ದಂತೆಯೇ ಪ್ರತಿಮಾಡಲು ಮಾತ್ರ ಅನುಮತಿ. ಮೂರನೆಯದು ಕಲೆಗೆ ಸೇರಿದ್ದು. ಇಲ್ಲಿ ತಿದ್ದಬಹುದೆ ಬಾರದೆ ಎಂಬಲ್ಲಿ ಎಂದೂ ಅನುಮಾನಿಸದ ಸ್ಟಾಲ್‌ಮನ್ನರು ಅನುಮಾನಿಸುವರು. ಕನ್ನಡದಲ್ಲಿ ಆ ಅನುಮಾನಕ್ಕೆ ಸಾವಿರ ವರ್ಷಗಳ ಹಿಂದೆಯೇ ಉತ್ತರ ಬಂದಿದೆ. ವ್ಯಾಸಭಾರತದ ಮೂಲಪಾಠ ಎಲ್ಲರೆದುರಿಗೂ ತೆರೆದಿತ್ತು. ಪಂಪನು ಅರ್ಜುನನಲ್ಲಿ ಅರಿಕೇಸರಿಯನ್ನು ಕೂಡಿಸಿ ತನ್ನದೊಂದು ಪಾಠವನ್ನು ಕಟ್ಟಿದನು, ಕುಮಾರವ್ಯಾಸನು ಕೃಷ್ಣನನ್ನು ನಡುವೆ ನಿಲ್ಲಿಸಿ ಇನ್ನೊಂದನ್ನು ಕಟ್ಟಿದನು, ಮತ್ತು ಮೊದಲನೆಯ ಗ್ರಂಥಕ್ಕೆ ಒಂದಕ್ಷರವೂ ಲೋಪವಾಗಲಿಲ್ಲ.

ಈ ಪ್ರಬಂಧಗಳು ಎರಡನೆಯ ವರ್ಗಕ್ಕೆ ಸೇರಿದವೆಂಬುದು ಗ್ರಂಥಕರ್ತರ ತೀರ್ಮಾನ. ಆದುದರಿಂದ ಕನ್ನಡಕ್ಕೆ ತರುವವರು ಅವರ ಸ್ಪಗೆಟ್ಟಿಯನ್ನು ತೆಗೆದು ಹುಳಿಯನ್ನು ಬಡಿಸುವಂತಿಲ್ಲ. ಇಡೀ ಗ್ರಂಥವನ್ನು ಇದ್ದಂತೆ ಪ್ರತಿಮಾಡಿ ನೆರೆಮನೆಗೆ ಕೊಡಲು ಮಾತ್ರ ಮೊದಲ ಆವೃತ್ತಿಯ ಆರಂಭದ ಪುಟದಲ್ಲಿಯೇ ಅಪ್ಪಣೆ ಅಚ್ಚಾಗಿದೆ. ಆ ಅಪ್ಪಣೆಯ ಸಾಲನ್ನು ಕಿತ್ತುಹಾಕದಿದ್ದರೆ ಸಾಕು.